ಮೇಷ್ಟ್ರು ಸುಟ್ಟ ಐವತ್ತು ಚೀಟಿ

ಹನ್ನೊಂದನೇ ದಿನದ ಊಟಕ್ಕೆ ಕೂತಿದ್ದಾಗ ಪಕ್ಕದ ಎಲೆಯವರು, "ತುಂಬಾ ಸೌಮ್ಯವಾದ ಮನುಷ್ಯ, ಯಾರಿಗೂ ಒಂದ್ ಮಾತ್ ಅಂದೋರಲ್ಲ" ಎಂದರು. ಬೇರೆ ಯಾರದೋ ಮನೆಯ ಕಾರ್ಯಕ್ಕೆ ಬಂದುಬಿಟ್ಟೆನೇನೋ ಎಂದು ಗೋಡೆಯ ಮೇಲಿನ ಫೋಟೊ ನೋಡಿದೆ. ನಮ್ಮ ಮೇಷ್ಟ್ರೇ. ಫೋಟೊದಲ್ಲೂ ಹುಬ್ಬು ಗಂಟಿಕ್ಕಿಕೊಂಡಿದ್ದರು. ಅದನ್ನು ತೆಗೆದ ಸ್ಟುಡಿಯೊದವನಿಗೂ ಏನೋ ಬೈದಿರುತ್ತಾರೆ.

ಅವರು ಸೌಮ್ಯರಾಗಿರಲಿಲ್ಲ. ಹನ್ನೆರಡು ವರ್ಷ ಅವರ ಜೊತೆ ಕೆಲಸ ಮಾಡಿದ ನಾನು ಇಷ್ಟನ್ನು ಹೇಳಬಹುದು. ಸತ್ತವರ ಬಗ್ಗೆ ಒಳ್ಳೆಯದನ್ನೇ ಹೇಳಬೇಕು ಎನ್ನುತ್ತಾರೆ, ನನಗೂ ಹೇಳಬೇಕೆಂದೇ ಇದೆ. ಆದರೆ ಅವರನ್ನು ನೆನೆಸಿಕೊಂಡರೆ ಮೊದಲು ಬರುವುದು ಸಿಟ್ಟು. ಅಳು ಆಮೇಲೆ ಬರುತ್ತದೆ.

ಬನಶಂಕರಿಯ ಆಚೆ, ಆಗಿನ್ನೂ ಅರ್ಧ ಹೊಲ ಅರ್ಧ ಸೈಟು ಆಗಿದ್ದ ಕಡೆ, ರೇಷ್ಮೆ ಹುಳು ಸಾಕುವುದನ್ನು ಕಲಿಸುವ ತರಬೇತಿ ಕೇಂದ್ರವೊಂದಿತ್ತು. ಎಪ್ಪತ್ತರ ದಶಕದ ನಡುವಿನಲ್ಲಿ, ಎಸ್ಸೆಸ್ಸೆಲ್ಸಿ ಮುಗಿಸಿ, ಹನುಮಂತನಗರದಿಂದ ದಿನಾ ನಡೆದುಕೊಂಡು ಹೋಗಿ ಬರುವುದೆಂದು ಲೆಕ್ಕ ಹಾಕಿ ನಾನು ಅಲ್ಲಿ ಲ್ಯಾಬ್ ಅಸಿಸ್ಟೆಂಟ್ ಆಗಿ ಸೇರಿದೆ. ಅವರು ಅಲ್ಲಿ ಇನ್‌ಸ್ಟ್ರಕ್ಟರ್. ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಕತ್ರಿಗುಪ್ಪೆಯ ಹಳೇ ಊರಿನವರು. ಅವರ ತಾಯಿ ನಡುಮನೆಯಲ್ಲೇ ಹುಳು ಸಾಕಿದವರಂತೆ. ಮನೆಯ ಹಿಂದಿನ ಹಿಪ್ಪುನೇರಳೆ ತೋಟ ಬಡಾವಣೆಗೆ ಹೋಗಿ, ಆ ತಾಯಿ ಸೊಪ್ಪು ಬಿಡಿಸುತ್ತಿದ್ದ ಜಾಗದಲ್ಲಿ ಸೈಟಿನ ಕಲ್ಲು ನೆಟ್ಟಿದ್ದರು. ಅದರ ಬಗ್ಗೆ ಮೇಷ್ಟ್ರು ಒಂದು ದಿನವೂ ಗೊಣಗಿದ್ದನ್ನು ನಾನು ಕೇಳಲಿಲ್ಲ. ಗೊಣಗುವುದೆಲ್ಲ ಬೇರೆ ವಿಷಯಗಳಿಗೆ ಬೇಕಾಗಿತ್ತು.

ನನ್ನ ಮದುವೆ ಗೊತ್ತಾದ ಮರುದಿನ ಮಲ್ಲಿಗೆ ಮುಡಿದು ಕೆಲಸಕ್ಕೆ ಹೋದೆ. ಬಾಗಿಲಲ್ಲೇ ತಡೆದರು.

"ಏನಮ್ಮಾ ಅದು ತಲೇಲಿ?"

"ಹೂವು ಸಾರ್. ನಿನ್ನೆ ನಿಶ್ಚಯ ಆಯ್ತು."

"ಸಂತೋಷ. ಮನೇಗ್ ಹೋಗು. ತಲೆ ತೊಳ್ಕೊಂಡ್ ನಾಳೆ ಬಾ."

ಹುಳುವಿಗೆ ವಾಸನೆ ಆಗದು ಎಂಬುದು ನಿಜ. ಆದರೆ ಹೂವು ತೆಗೆದಿಟ್ಟು ಬಾ ಎಂದಿದ್ದರೆ ಸಾಕಾಗಿತ್ತು. ಅಷ್ಟು ದೂರ ವಾಪಸ್ಸು ನಡೆಸಿ, ಇಡೀ ದಿನದ ರಜೆಯನ್ನೂ ಹಾಕಿಸಿದರು. ದೆಹಲಿಯಿಂದ ಬಂದ ದೊಡ್ಡ ಅಧಿಕಾರಿಯೊಬ್ಬರನ್ನು ಷೂ ಬಿಚ್ಚಿಸಿ, ಬ್ಲೀಚಿಂಗ್ ನೀರಿನಲ್ಲಿ ಕಾಲು ಅದ್ದಿಸಿ ಒಳಗೆ ಬಿಟ್ಟವರು ಅವರು. ಆ ಅಧಿಕಾರಿ ಒದ್ದೆ ಕಾಲಿನಲ್ಲಿ ನಿಂತು, "ಇದು ಗುಡಿಯೇನ್ರೀ?" ಎಂದು ಕೇಳಿದರು. ಮೇಷ್ಟ್ರು, "ಗುಡೀಲಿ ದೇವ್ರು ಸಾಯಲ್ಲ ಸಾರ್" ಎಂದರು.

ನಮ್ಮ ಕೇಂದ್ರಕ್ಕೆ ಪಕ್ಕದ ದೇಶಗಳಿಂದಲೂ ಜನ ಕಲಿಯಲು ಬರುತ್ತಿದ್ದರು. ನೇಪಾಳ, ಬಾಂಗ್ಲಾದೇಶ, ಶ್ರೀಲಂಕಾ, ಒಮ್ಮೆ ಭೂತಾನಿನ ಇಬ್ಬರು. ಆಫೀಸಿನಲ್ಲಿ ಎಲ್ಲರೂ ಅವರನ್ನು ಫಾರಿನರ್ಸ್ ಎಂದರೆ ಮೇಷ್ಟ್ರಿಗೆ ರೇಗುತ್ತಿತ್ತು. "ಫಾರಿನ್ ಎಲ್ಲಿ ಬಂತಯ್ಯಾ? ಪಕ್ಕದ್ಮನೆಯೋರು. ಅವ್ರ ಹುಳಕ್ಕೆ ರೋಗ ಬಂದ್ರೆ ನಿಮ್ಮನೇಗ್ ಬರೋಕೆ ವೀಸಾ ಕೇಳುತ್ತಾ?" ಭಾನುವಾರ ಅವರನ್ನೆಲ್ಲ ಕತ್ರಿಗುಪ್ಪೆಗೆ ಕರೆದುಕೊಂಡು ಹೋಗಿ ಮುದ್ದೆ ಊಟ ಹಾಕಿಸುತ್ತಿದ್ದರು. ಬರುತ್ತೀರಾ ಎಂದು ಅವರನ್ನಾಗಲೀ, ಮಾಡುತ್ತೀಯಾ ಎಂದು ಹೆಂಡತಿಯನ್ನಾಗಲೀ ಕೇಳಿದ್ದಿಲ್ಲ. ಢಾಕಾದ ಒಬ್ಬರು ಮುದ್ದೆಯನ್ನು ಅಗಿದು ಅಗಿದು ದವಡೆ ನೋಯಿಸಿಕೊಂಡಾಗ ಅವರ ಹೆಂಡತಿ ಪಾಪ ಅನ್ನ ಬಡಿಸಲು ಬಂದರು. ಮೇಷ್ಟ್ರು ಬಿಡಲಿಲ್ಲ. ನುಂಗುವುದನ್ನು ಕಲಿಸಿಯೇ ಕಳಿಸಿದರು.

ಅವರಿಗೆ ಒಂದು ಫಾರಂ ಹುಚ್ಚಿತ್ತು. ಪಕ್ಕದ ದೇಶಕ್ಕೆ ಹುಳುವಿನ ಮೊಟ್ಟೆ ಕಳಿಸಬೇಕೆಂದರೆ ಆರೇಳು ಕಡೆ ಅನುಮತಿ ಬೇಕು. ಮೊಟ್ಟೆ ಹತ್ತು ದಿನಕ್ಕೆ ಒಡೆಯುತ್ತದೆ, ಅನುಮತಿ ಹತ್ತು ತಿಂಗಳಾದರೂ ಬರುವುದಿಲ್ಲ. ಹಾಗಾಗಿ ನಮ್ಮದೂ ಸೇರಿ ಸುತ್ತಲಿನ ಏಳು ದೇಶಕ್ಕೂ ಒಂದೇ ಫಾರಂ ಇರಬೇಕು ಎಂದು ತಾವೇ ಎರಡು ಪುಟದ ಫಾರಂ ಬರೆದು, ಸೈಕ್ಲೋಸ್ಟೈಲ್ ಮಾಡಿಸಿ, ಕಂಡವರಿಗೆಲ್ಲ ಕೊಡುತ್ತಿದ್ದರು. ನನ್ನ ಮದುವೆಯಲ್ಲಿ ನನ್ನ ಮಾವನವರಿಗೂ ಒಂದು ಕೊಟ್ಟರು. ಮಾವ ಬ್ಯಾಂಕಿನವರು, ಅದನ್ನು ಏನೋ ಅರ್ಜಿ ಎಂದುಕೊಂಡು ತುಂಬಿಸಲು ಪೆನ್ನು ತೆಗೆದರು.

ಆ ಏಳು ದೇಶಗಳು ಸೇರಿ ಒಂದು ಒಕ್ಕೂಟ ಮಾಡಿಕೊಂಡು, ಮುಂದಿನ ವರ್ಷವೇ ಅವುಗಳ ಮುಖ್ಯಸ್ಥರೆಲ್ಲ ನಮ್ಮ ಬೆಂಗಳೂರಿನಲ್ಲಿ ಸಭೆ ಸೇರುವುದೆಂದು ಗೊತ್ತಾದಾಗ ಮೇಷ್ಟ್ರ ಕಾಟ ಹೇಳತೀರದಾಯಿತು. ರಸ್ತೆಗೆ ಡಾಂಬರು, ಕಲ್ಲಿಗೆ ಸುಣ್ಣ, ಎಲ್ಲೆಡೆ ಬಾವುಟ. ಜಯನಗರದ ಬಸ್‌ಸ್ಟಾಂಡಿನಲ್ಲಿ ನಿಂತು, "ಬಾವುಟ ಹೊಲ್ಸೋಕೆ ಅನುಮತಿ ಎಷ್ಟ್ ದಿನಕ್ಕೆ ಸಿಕ್ತಂತೆ?" ಎಂದು ಪೇದೆಯನ್ನು ಕೇಳಿದರು. ನಾನು ಪಕ್ಕದಲ್ಲಿದ್ದವಳು ಅವರ ಪರಿಚಯವೇ ಇಲ್ಲದವಳಂತೆ ಬೇರೆ ಕಡೆ ನೋಡಿದೆ.

ಆ ಸಲ ನೇಪಾಳದಿಂದ ಬಂದಿದ್ದವಳು ಮಾಯಾ. ನನಗಿಂತ ಮೂರು ವರ್ಷ ಚಿಕ್ಕವಳು, ನನ್ನನ್ನು ದೀದಿ ಎನ್ನುತ್ತಿದ್ದಳು. ಬೆಟ್ಟದ ಊರಿನವಳು. ಅಲ್ಲಿ ಹನ್ನೊಂದು ಜನ ಹೆಂಗಸರು ಇವಳ ಮಾತು ನಂಬಿ, ಜೋಳ ಹಾಕುತ್ತಿದ್ದ ಬೆಟ್ಟದ ಪಟ್ಟಿ ಹೊಲಗಳಲ್ಲಿ ಹಿಪ್ಪುನೇರಳೆ ನೆಟ್ಟಿದ್ದರು. ಗಿಡ ಮೊಣಕಾಲುದ್ದ ಬಂದಿತ್ತು. ಇವಳು ಮೊಟ್ಟೆ ತೆಗೆದುಕೊಂಡು ಹೋದರೆ ಆ ಋತುವಿಗೇ ಹುಳು ಮೇಯಿಸಬಹುದು. ಇಲ್ಲವಾದರೆ ಗಿಡ ಕಿತ್ತು ಜೋಳ ಹಾಕುತ್ತೇವೆ ಎಂದು ಅವಳ ಅತ್ತೆಯೇ ಹೇಳಿ ಕಳಿಸಿದ್ದರಂತೆ. "ಬರೀ ಸರ್ಟಿಫಿಕೇಟ್ ತಗೊಂಡ್ ಹೋದ್ರೆ ಅತ್ತೆ ಅದ್ರಲ್ಲೇ ಒಲೆ ಹಚ್ತಾರೆ ದೀದಿ" ಎಂದು ನಗುತ್ತಿದ್ದಳು.

ಸಭೆಯ ನೆಪದಲ್ಲಿ, ಎಲ್ಲಾ ಕಡೆ ಸ್ನೇಹ ಸ್ನೇಹ ಎನ್ನುತ್ತಿದ್ದ ಆ ವಾರದಲ್ಲಿ, ಮಾಯಾಳಿಗೆ ಐವತ್ತು ಚೀಟಿ ಮೊಟ್ಟೆ ಕೊಡಲು ಒಂದು ಸಲಕ್ಕೆ ಮಾತ್ರ ಎಂದು ಅನುಮತಿ ಬಂತು. ಮೇಷ್ಟ್ರು ಆ ಕಾಗದವನ್ನು ನಾಲ್ಕು ಸಲ ಓದಿದರು. ನಮ್ಮ ಕೇಂದ್ರದ ಮುಖ್ಯ ಅಧಿಕಾರಿಗಳು ಸಮಾರಂಭ ಮಾಡಿ, ಗಣ್ಯರ ಕೈಯಲ್ಲಿ ಕೊಡಿಸುವುದೆಂದು ತೀರ್ಮಾನಿಸಿದರು.

ಇಲ್ಲಿ ನಮ್ಮ ಕೆಲಸದ ಒಂದು ಕ್ರಮ ಹೇಳಬೇಕು. ಪ್ರತಿ ಚಿಟ್ಟೆಯನ್ನೂ ಒಂದೊಂದು ಕಾಗದದ ಚೀಟಿಯ ಮೇಲೆ ಮೊಟ್ಟೆಯಿಡಲು ಬಿಡುತ್ತೇವೆ. ಚೀಟಿಯ ಅಂಚಿನಲ್ಲಿ ನಂಬರು ಬರೆದಿರುತ್ತದೆ. ಮೊಟ್ಟೆಯಿಟ್ಟ ತಾಯಿಚಿಟ್ಟೆಯನ್ನು ಅದೇ ನಂಬರಿನ ಡಬ್ಬಿಯಲ್ಲಿ ಇಡುತ್ತೇವೆ. ಆಮೇಲೆ ತಾಯಿಯನ್ನು ಅರೆದು ಮೈಕ್ರೋಸ್ಕೋಪಿನಲ್ಲಿ ನೋಡುವುದು. ಗಂಟು ರೋಗ ಎಂದು ಒಂದಿದೆ, ತಾಯಿಯಿಂದ ಮೊಟ್ಟೆಗೆ ಬರುತ್ತದೆ, ಒಂದು ಹುಳುವಿನಿಂದ ಇಡೀ ಮನೆಯ ಹುಳುವಿಗೆ ಹರಡುತ್ತದೆ. ತಾಯಿಯಲ್ಲಿ ರೋಗ ಕಂಡರೆ ಆ ನಂಬರಿನ ಚೀಟಿಯನ್ನು ಸುಡಬೇಕು. ಅಷ್ಟೇ. ಆ ನಂಬರೊಂದೇ ಗುರುತು.

ಸಮಾರಂಭದ ಹಿಂದಿನ ದಿನ ಬಸ್ಸುಗಳನ್ನೆಲ್ಲ ಬೇರೆ ದಾರಿಗೆ ತಿರುಗಿಸಿದ್ದರು. ಯಾವುದೋ ಕೆಲಸಕ್ಕೆ ಪೇಟೆಗೆ ಹೋಗಿದ್ದ ಮೇಷ್ಟ್ರು ಬರುವುದು ಮಧ್ಯಾಹ್ನವಾಯಿತು. ಬೆಳಿಗ್ಗೆ ಅಧಿಕಾರಿಗಳು ನನ್ನನ್ನು ಕರೆದು, ಮಖಮಲ್ಲು ಹಾಸಿದ ಗಾಜಿನ ಪೆಟ್ಟಿಗೆಯೊಂದನ್ನು ಕೊಟ್ಟರು.

"ಇದ್ರಲ್ಲಿ ಜೋಡಿಸಮ್ಮ. ನಂಬರ್ರು ಗಿಂಬರ್ರು ಏನೂ ಕಾಣ್ಬಾರ್ದು. ಫೋಟೊ ತೆಗೀತಾರೆ. ಲಕ್ಷಣವಾಗಿರ್ಲಿ."

ಪರೀಕ್ಷೆ ಎಲ್ಲಾ ಆಗಿದೆ ಎಂದುಕೊಂಡೆ. ಹಿಂದಿನ ದಿನ ಮೇಷ್ಟ್ರು ಮೈಕ್ರೋಸ್ಕೋಪಿನ ಮುಂದೆ ಕೂತಿದ್ದನ್ನು ನೋಡಿದ್ದೆ. ಕೇಳಬೇಕಿತ್ತು. ಕೇಳಲಿಲ್ಲ. ಕತ್ತರಿ ತೆಗೆದುಕೊಂಡು ಐವತ್ತು ಚೀಟಿಗಳ ಅಂಚನ್ನೂ ನೀಟಾಗಿ ಕತ್ತರಿಸಿದೆ. ಮೊಟ್ಟೆ ಒತ್ತೊತ್ತಾಗಿ, ದುಂಡಗೆ ಇದ್ದವನ್ನು ಮುಂದೆ ಇಟ್ಟೆ. ತುಂಬಾ ಚೆನ್ನಾಗಿ ಕಾಣುತ್ತಿತ್ತು. ಮಾಯಾ ಬಂದು ನೋಡಿ, ಒಡವೆ ಪೆಟ್ಟಿಗೆಯ ಹಾಗಿದೆ ಎಂದಳು.

ಮಧ್ಯಾಹ್ನ ಮೇಷ್ಟ್ರು ಬಂದವರು ಪರೀಕ್ಷೆಯಾಗದೆ ಉಳಿದಿದ್ದ ಇಪ್ಪತ್ತು ಡಬ್ಬಿ ಮುಂದಿಟ್ಟುಕೊಂಡು ಕೂತರು. ಒಂದು ಗಂಟೆಯ ಮೇಲೆ, ತಲೆಯೆತ್ತದೆ, "ಮೂವತ್ತೇಳನೇ ಚೀಟಿ ತಗೊಂಡ್ ಬಾ" ಎಂದರು.

ನಾನು ಏಳಲಿಲ್ಲ.

"ಕೇಳಿಸ್ತೇನಮ್ಮಾ? ಮೂವತ್ತೇಳು. ರೋಗ ಇದೆ."

ಗಾಜಿನ ಪೆಟ್ಟಿಗೆಯನ್ನು ತಂದು ಅವರ ಮುಂದೆ ಇಟ್ಟೆ. ಅವರು ಅದನ್ನು ನೋಡಿದರು. ಒಂದು ಚೀಟಿ ಎತ್ತಿ ತಿರುಗಿಸಿ ನೋಡಿದರು. ಹನ್ನೆರಡು ವರ್ಷದಲ್ಲಿ ಅದೊಂದು ದಿನ ಅವರು ನನಗೆ ಏನೂ ಬೈಯಲಿಲ್ಲ. ಬೈದಿದ್ದರೆ ನನಗೆ ಇಷ್ಟು ವರ್ಷ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಕಸದ ಡಬ್ಬಿ ಹುಡುಕಿದೆವು. ಅಂಚುಗಳು ಸಿಕ್ಕವು, ಯಾವ ಅಂಚು ಯಾವ ಚೀಟಿಯದು ಎಂದು ಕೂಡಿಸಿ ನೋಡಿದೆವು. ಎಲ್ಲವನ್ನೂ ಅಷ್ಟು ನೇರವಾಗಿ ಕತ್ತರಿಸಿದ್ದೆ, ಯಾವುದು ಯಾವುದಕ್ಕೂ ಕೂಡುತ್ತಿತ್ತು.

ಅಧಿಕಾರಿಗಳು ಓಡಿ ಬಂದರು. "ಏನ್ರೀ ಇದು? ಐವತ್ತರಲ್ಲಿ ಒಂದು ತಾನೇ? ನಲವತ್ತೊಂಬತ್ತು ಚೆನ್ನಾಗಿದೆಯಲ್ರೀ?"

"ಸಾರ್, ಐವತ್ತು ಲೋಟ ಹಾಲು ಇಟ್ಟು, ಒಂದ್ರಲ್ಲಿ ವಿಷ ಇದೆ, ಯಾವ್ದು ಗೊತ್ತಿಲ್ಲ ಅಂದ್ರೆ ನಿಮ್ಮನೆ ಮಕ್ಳಿಗೆ ಕೊಡ್ತೀರಾ?"

"ಇದೇನ್ ನಮ್ಮನೇಗ್ ಹೋಗೋದಲ್ವಲ್ರೀ."

ಮೇಷ್ಟ್ರು ಪೆಟ್ಟಿಗೆ ಎತ್ತಿಕೊಂಡು ಹಿತ್ತಲಿಗೆ ಹೋದರು. ಹುಳುವಿನ ತಟ್ಟೆ ತೊಳೆಯಲು ನೀರು ಕಾಯಿಸುವ ಒಲೆ ಉರಿಯುತ್ತಿತ್ತು. ಒಂದೊಂದಾಗಿ ಹಾಕಲಿಲ್ಲ, ಮಖಮಲ್ಲಿನ ಸಮೇತ ಸುರಿದುಬಿಟ್ಟರು. ಪೆಟ್ಟಿಗೆ ಮಾತ್ರ ತಂದು ಅಧಿಕಾರಿಗಳ ಕೈಗೆ ಕೊಟ್ಟರು.

ಮಾಯಾ ಬಾಗಿಲಲ್ಲಿ ನಿಂತಿದ್ದಳು. ಅವಳಿಗೆ ಕನ್ನಡ ಪೂರ್ತಿ ಬರುತ್ತಿರಲಿಲ್ಲ, ಆದರೆ ಸುಡುವುದನ್ನು ನೋಡಿದ್ದಳು. ತನ್ನ ಹಿಂದಿಯಲ್ಲಿ ಕೇಳಿದಳು, "ಯಾರು ನಂಬರ್ ತೆಗೆದಿದ್ದು?"

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಮೇಷ್ಟ್ರು ತಮ್ಮ ಹರಕು ಹಿಂದಿಯಲ್ಲಿ, "ನಾನೇ. ಕಲಸಿಬಿಟ್ಟೆ. ವಯಸ್ಸಾಯಿತು" ಎಂದರು. ನನ್ನ ಕಡೆ ತಿರುಗಿ, "ನೀನ್ ಹೋಗಿ ಒಲೆ ಆರ್ಸು" ಎಂದರು.

ನಾನು ಹೋಗಿ ಒಲೆ ಆರಿಸಿದೆ. ಇದನ್ನು ಬರೆಯುವಾಗಲೂ ನನಗೆ ಅರ್ಥವಾಗುವುದಿಲ್ಲ, ಯಾಕೆ ಹೋದೆ?

ಮರುದಿನ ಸಮಾರಂಭ ನಡೆಯಿತು. ಪೆಟ್ಟಿಗೆಯಲ್ಲಿ ರೇಷ್ಮೆ ಗೂಡು ತುಂಬಿಸಿ ಕೊಟ್ಟರು. ಮಾಯಾ ಅದನ್ನು ಹಿಡಿದುಕೊಂಡು ಫೋಟೊಗೆ ನಗಬೇಕಾಯಿತು. ಅವತ್ತೇ ಸಂಜೆಯ ರೈಲಿಗೆ ಹೊರಟಳು. ನನ್ನನ್ನು ತಬ್ಬಿಕೊಂಡು ಅತ್ತಳು. ಮೇಷ್ಟ್ರು ಮೆಟ್ಟಿಲ ಮೇಲೆ ನಿಂತಿದ್ದರು, ಅವರ ಕಡೆ ತಿರುಗಿಯೂ ನೋಡಲಿಲ್ಲ. ಪೆಟ್ಟಿಗೆಯನ್ನು ಹಾಸ್ಟೆಲಿನ ಕಿಟಕಿಯಲ್ಲೇ ಬಿಟ್ಟು ಹೋಗಿದ್ದಳು.

ಬಸ್‌ಸ್ಟಾಪಿನಲ್ಲಿ ನಾನು ಅವರ ಜೊತೆ ಜಗಳವಾಡಿದೆ. ಅದೇ ಮೊದಲು.

"ಯಾಕ್ ಸಾರ್ ಹಾಗ್ ಹೇಳಿದ್ರಿ? ನಿಮ್ಮನ್ನ ಏನಂದ್ಕೊಂಡ್ಳು ಅವಳು?"

"ಏನಾದ್ರೂ ಅಂದ್ಕೊಳ್ಳಿ. ಊರಿಗ್ ಹೋದ್ಮೇಲೆ ಹುಳಕ್ಕೆ ಏನಾದ್ರೂ ಆದ್ರೆ ಯಾರನ್ನ ಕೇಳ್ತಾಳೆ? ನನ್ನ ಕೇಳಲ್ಲ. ಮೊದ್ಲೂ ಕೇಳ್ತಿರ್ಲಿಲ್ಲ, ಹೆದ್ರೋಳು. ನಿನ್ನ ಕೇಳ್ತಾಳೆ. ನಿನ್ ಮೇಲೂ ಸಿಟ್ಟಾದ್ರೆ ಕೇಳೋಕೆ ಈ ದೇಶದಲ್ಲಿ ಅವಳಿಗೆ ಇನ್ನೊಬ್ರು ಇಲ್ಲ ಕಣಮ್ಮ."

"ನಾನ್ ಏನ್ ಹೇಳ್ಲಿ ಸಾರ್? ನಂಗೇನ್ ಗೊತ್ತು?"

"ನನ್ ಕೇಳು. ನಿನ್ ಹೆಸ್ರಲ್ಲಿ ಬರಿ."

ಹಾಗೆ ಶುರುವಾಯಿತು. ಆ ಋತುವಿನಲ್ಲಿ ಹನ್ನೊಂದರಲ್ಲಿ ನಾಲ್ಕು ಜನ ಗಿಡ ಕಿತ್ತು ಜೋಳ ಹಾಕಿದರೆಂದು ಮಾಯಾಳ ಮೊದಲ ಪತ್ರದಲ್ಲಿತ್ತು. ಉಳಿದ ಏಳು ಜನಕ್ಕೆ ಮುಂದಿನ ಋತುವಿನಲ್ಲಿ ಅಲ್ಲಿಯ ಸರ್ಕಾರಿ ರೇಷ್ಮೆ ಕೇಂದ್ರದಿಂದ ಸ್ವಲ್ಪ ಮೊಟ್ಟೆ ಸಿಕ್ಕಿತು. ಆಮೇಲೆ ಪ್ರಶ್ನೆಗಳು ಬರತೊಡಗಿದವು. ಮರುವರ್ಷ ಮೇಷ್ಟ್ರು ನಿವೃತ್ತರಾದರು. ಪತ್ರ ಬಂದಾಗಲೆಲ್ಲ ನಾನು ಭಾನುವಾರ ಕತ್ರಿಗುಪ್ಪೆಗೆ ಹೋಗಬೇಕು. ಅವರು ಜಗಲಿಯಲ್ಲಿ ಕೂತು ಕೇಳುವುದು, ರೇಗುವುದು.

"ಹುಳ ಸೊಪ್ಪು ತಿನ್ನಲ್ಲ ಅಂತಾಳೆ. ಎಷ್ಟನೇ ದಿನದ ಸೊಪ್ಪು ಅಂತ ಬರ್ದಿದಾಳಾ? ಇಲ್ಲ. ಕೇಳು."

"ಕೇಳಿ ಉತ್ತರ ಬರೋಕೆ ತಿಂಗಳಾಗುತ್ತೆ ಸಾರ್."

"ಹಂಗಾದ್ರೆ ಮೂರೂ ಥರ ಬರಿ. ಎಳೇ ಸೊಪ್ಪಾದ್ರೆ ಹೀಗೆ, ಬಲಿತಿದ್ರೆ ಹೀಗೆ, ನೆನ್ದಿದ್ರೆ ಹೀಗೆ. ಕೈಬರಹ ಸರಿಯಾಗಿರ್ಲಿ. ಕೋಳಿ ಕೆದಕ್ದಂಗೆ ಬರೀಬೇಡ."

ನಾಲ್ಕು ಪುಟ ಬರೆಸಿ, ಕೊನೆಯಲ್ಲಿ ನನ್ನ ಸಹಿ ಹಾಕಿಸುತ್ತಿದ್ದರು. ಅಲ್ಲಿಂದ ಹೊಗಳಿಕೆ ಬರುತ್ತಿತ್ತು. ದೀದಿ, ನಿಮಗೆ ಎಷ್ಟೆಲ್ಲ ಗೊತ್ತು, ಆ ಮುದುಕನ ಬದಲು ನೀವೇ ಕಲಿಸಬೇಕಿತ್ತು ಎಂದು ಒಮ್ಮೆ ಬರೆದಳು. ಓದಿ ಹೇಳಬಾರದಿತ್ತು, ಆದರೆ ಹೇಳಿದೆ. ಆಗಲಾದರೂ ಅವರಿಗೆ ನೋವಾಗಿ, ನಿಜ ಬರೆ ಎನ್ನಲಿ ಎಂದು ನನ್ನ ಆಸೆ.

"ಮುದುಕ ಅಂದ್ಳಾ? ನಂಗಿನ್ನೂ ಅರವತ್ತು ತುಂಬಿಲ್ಲ" ಎಂದರು. ಅಷ್ಟೇ. ಒಳಗಿನಿಂದ ಅವರ ಹೆಂಡತಿ, "ಆ ಹುಡುಗಿ ಅನ್ಲಿಲ್ಲ ಅಂದ್ರೆ ನಾನ್ ಅಂತೀನಿ ಬಿಡಿ" ಎಂದರು.

ನಿಜ ಬರೆಯುತ್ತೇನೆ ಎಂದು ನಾನು ಎಷ್ಟು ಸಲ ಹೇಳಿದೆನೋ. ಪ್ರತಿ ಸಲವೂ, "ಈ ಬೆಳೆ ಮುಗೀಲಿ" ಎನ್ನುತ್ತಿದ್ದರು. ಬೆಳೆಗೆ ಮುಗಿಯುವುದೆಂಬುದಿದೆಯೇ? ಒಂದು ಮುಗಿದರೆ ಇನ್ನೊಂದು. ಸುಳ್ಳು ಹೇಳಿದವರು ಅವರು, ತಪ್ಪು ನನ್ನದು. ಅದನ್ನು ಒಪ್ಪಿಕೊಳ್ಳಲು ನನಗೆ ಅವರ ಅಪ್ಪಣೆ ಯಾಕೆ ಬೇಕಿತ್ತು ಎಂದರೆ, ಬೇಡವೆಂದು ಅವರು ಹೇಳುತ್ತಿದ್ದುದು ನನಗೂ ಅನುಕೂಲವಾಗಿತ್ತು. ದೀದಿ ಎನ್ನಿಸಿಕೊಳ್ಳುವುದು ಯಾರಿಗೆ ಬೇಡ?

ಈ ನಡುವೆ ಅವರು ಹೊಸದಾಗಿ ಐವತ್ತು ಚೀಟಿ ಕಳಿಸಲು ಅನುಮತಿ ಕೇಳಿ ಬರೆಯುತ್ತಲೇ ಇದ್ದರು, ಜೊತೆಗೆ ತಮ್ಮ ಫಾರಂ ಕೂಡ. ಒಂದೂವರೆ ವರ್ಷದ ಮೇಲೆ ಒಂದು ಉತ್ತರ ಬಂತು. ಮೊಟ್ಟೆಯ ವಿಷಯವಾದ್ದರಿಂದ ಕೋಳಿ ಸಾಕಣೆ ವಿಭಾಗವನ್ನು ವಿಚಾರಿಸಬೇಕು ಎಂದಿತ್ತು. ಅವರು ಅದನ್ನು ಓದಿ, ಮಡಿಸಿ, ಜೇಬಿನಲ್ಲಿಟ್ಟುಕೊಂಡರು. ಮರುದಿನ ಎದ್ದು ಇನ್ನೊಂದು ಅರ್ಜಿ ಬರೆದರು.

ಈ ವರ್ಷ ನಮ್ಮ ದೇಶಕ್ಕೂ ಮಾಯಾಳ ದೇಶಕ್ಕೂ ವ್ಯಾಪಾರದ ಒಪ್ಪಂದ ಮುರಿದು ಗಡಿಯ ದಾರಿಗಳನ್ನು ಹೆಚ್ಚುಕಡಿಮೆ ಮುಚ್ಚಿಬಿಟ್ಟರು. ಮೇಷ್ಟ್ರು ಪೇಪರನ್ನು ನನ್ನ ಮುಂದೆ ಹಿಡಿದು, "ಮೂರ್ ವರ್ಷದ್ ಹಿಂದೆ ಇದೇ ಊರಲ್ಲಿ ಕೈಕೈ ಹಿಡ್ಕೊಂಡ್ ಫೋಟೊ ತೆಗೆಸ್ಕೊಂಡೋರು ಇವ್ರೇ ಅಲ್ವೇನಮ್ಮಾ?" ಎಂದರು. ಆ ದಿನ ಕೂಗಾಡಲಿಲ್ಲ. ಅದು ನನಗೆ ಹಿಡಿಸಲಿಲ್ಲ. ಮೂರು ವಾರದ ಮೇಲೆ, ಬೆಳಿಗ್ಗೆ ಕಾಫಿ ಕುಡಿದು, ಲೋಟ ಕೆಳಗಿಡುವಾಗ ಎದೆ ಹಿಡಿದುಕೊಂಡರಂತೆ.

ಹನ್ನೊಂದನೇ ದಿನ ಊಟ ಮುಗಿಸಿ ಮನೆಗೆ ಬಂದರೆ ಮಾಯಾಳ ಪತ್ರ ಬಂದಿತ್ತು. ಸೀಮೆಎಣ್ಣೆ ಸಿಗುತ್ತಿಲ್ಲ, ಸ್ಟವ್ ಹಚ್ಚಿ ಹುಳುಮನೆ ಬೆಚ್ಚಗಿಡುವುದು ಸಾಧ್ಯವಿಲ್ಲ. ಬೆಟ್ಟದಲ್ಲಿ ಇನ್ನೂ ಚಳಿ. ಸೌದೆ ಉರಿಸಿದರೆ ಹೊಗೆಗೆ ಹುಳು ಸಾಯುತ್ತದೆ. ಮೊಟ್ಟೆ ಈ ತಿಂಗಳ ಕೊನೆಗೆ ಬರುತ್ತದೆ. ದೀದಿ, ಏನು ಮಾಡಲಿ?

ಸೆರಗನ್ನು ಸರಿಮಾಡಿಕೊಂಡು ಕತ್ರಿಗುಪ್ಪೆಗೆ ಹೋಗಲು ಎದ್ದವಳು ಹಾಗೇ ಕೂತೆ.

ಮರುದಿನ ಕೇಂದ್ರದಲ್ಲಿ, ಹಿತ್ತಲಿನ ಒಲೆಯ ಮೇಲೆ ಬಾಣಲೆಯಲ್ಲಿ ಮರಳು ಕಾಯಿಸಿದೆ. ಮಡಕೆಗೆ ತುಂಬಿ, ಬಾಯಿ ಮುಚ್ಚಿ, ತಟ್ಟೆಗಳ ಸಾಲಿನ ಕೆಳಗೆ ಇಟ್ಟು, ಸುತ್ತ ಕಂಬಳಿ ಇಳಿಬಿಟ್ಟೆ. ಹೊಗೆ ಹೊರಗೇ ಉಳಿಯಿತು. ಥರ್ಮಾಮೀಟರ್ ಇಟ್ಟು ಗಂಟೆಗೊಮ್ಮೆ ನೋಡಿದೆ. ಒಂದು ಮಡಕೆ ಸಾಲದು, ಎರಡು ಬೇಕು. ಮೂರು ಗಂಟೆಗೊಮ್ಮೆ ಮರಳು ಬದಲಿಸಬೇಕು. ಗಾಳಿ ಒಣಗುತ್ತದೆ, ಒದ್ದೆ ಬಟ್ಟೆ ಕಟ್ಟಬೇಕು. ಎರಡು ದಿನ ಇದೇ ಮಾಡಿದೆ. ಬೆಟ್ಟದ ಚಳಿಯಲ್ಲಿ ಎಷ್ಟು ಮಡಕೆ ಬೇಕೋ ನನಗೆ ಗೊತ್ತಿಲ್ಲ.

ಪತ್ರ ಹೋದರೆ ತಡವಾಗುತ್ತದೆಂದು ಜಯನಗರದ ತಂತಿ ಆಫೀಸಿಗೆ ಹೋದೆ. ಕೌಂಟರಿನವರು ನನ್ನ ಒಕ್ಕಣೆಯನ್ನು ಎರಡು ಸಲ ಓದಿದರು.

"ಏನ್ ಮೇಡಂ ಇದು? ಬಿಸಿ ಮರಳು, ಎರಡು ಮಡಕೆ, ಕಂಬಳಿ, ಮೂರು ಗಂಟೆ. ನೇಪಾಳಕ್ಕೆ? ಬಾರ್ಡರಲ್ಲಿ ಮೊದ್ಲೇ ಗಲಾಟೆ. ಏನಾದ್ರೂ ಕೋಡಾ?"

"ಹುಳಕ್ಕೆ ಸಾರ್. ರೇಷ್ಮೆ ಹುಳಕ್ಕೆ."

"ಹುಳಕ್ಕೆ ಕಂಬಳಿನಾ?"

"ಚಳಿ ಆಗುತ್ತಲ್ವಾ ಸಾರ್."

ಅವರು ಒಳಗೆ ಹೋಗಿ ಇನ್ನೊಬ್ಬರನ್ನು ಕರೆತಂದರು. ಅವರೂ ಓದಿದರು. ಯಾರು ಕಳಿಸುವುದು, ಯಾಕೆ ಕಳಿಸುವುದು, ಆಫೀಸಿನ ಲೆಟರ್ ಇದೆಯಾ ಎಂದು ಕೇಳಿದರು. ಬಸ್‌ಸ್ಟಾಪಿನ ಆ ಜಗಳ ಬಿಟ್ಟರೆ, ನನ್ನ ಜೀವನದಲ್ಲಿ ಎಂದೂ ಯಾರಿಗೂ ದನಿಯೆತ್ತಿದವಳಲ್ಲ. ಅವತ್ತು ಎತ್ತಿದೆ. ಏನೇನು ಹೇಳಿದೆನೋ ನೆನಪಿಲ್ಲ. ಸಾಲಿನಲ್ಲಿ ಹಿಂದಿದ್ದವರು ಎರಡು ಹೆಜ್ಜೆ ಹಿಂದೆ ಸರಿದರು. ತಂತಿ ಹೋಯಿತು.

ಆಮೇಲೆ ಅಲ್ಲೇ ಬೆಂಚಿನ ಮೇಲೆ ಕೂತು ಮಾಯಾಳಿಗೆ ಪತ್ರ ಬರೆದೆ. ಅವರು ಹೋದ ಸುದ್ದಿ ಬರೆದೆ. ಆ ಐವತ್ತು ಚೀಟಿಗಳ ನಂಬರು ಕತ್ತರಿಸಿದ್ದು ನಾನು, ಅವರಲ್ಲ ಎಂದು ಬರೆದೆ. ಇಷ್ಟು ದಿನ ನಿನಗೆ ಉತ್ತರ ಕೊಟ್ಟವರೂ ಅವರೇ, ನಾನು ಬರೀ ಕೈ ಎಂದು ಬರೆದೆ. ಓದಿದ ಮೇಲೆ ಅವಳು ಮತ್ತೆ ಬರೆಯುತ್ತಾಳೋ ಇಲ್ಲವೋ ತಿಳಿಯದು. ಕೊನೆಗೆ ಜಾಗ ಉಳಿದಿತ್ತು, ಇನ್ನೆರಡು ಸಾಲು ಸೇರಿಸಿದೆ: ಮರಳಿನ ಉತ್ತರ ಒಂದು ಮಾತ್ರ ನನ್ನದು. ಅದರಲ್ಲಿ ತಪ್ಪಾದರೆ ನನ್ನನ್ನೇ ಬೈದು ಬರೆ.